ಓಡೋ ಊರಲ್ಲಿ ನಿಂತು ಸವಿಯೋದು ಹೇಗೆ: ಬೆಂಗಳೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ಯಾರನ್ನ ಕೇಳಿದ್ರೂ "ಟೈಮೇ ಇಲ್ಲ ಗುರು" ಅಂತಾರೆ. ಆದ್ರೆ ಒಂದ್ಸಲ ಕೂತು ಲೆಕ್ಕ ಹಾಕಿ ನೋಡಿ, ಸಿಲ್ಕ್ ಬೋರ್ಡ್ ಹತ್ರ ನಿಂತಿದ್ದು, ಆಫೀಸ್ ಲಿಫ್ಟಿಗೆ ಕಾದಿದ್ದು, ದರ್ಶಿನೀಲಿ ಟೋಕನ್ ಹಿಡ್ಕೊಂಡು ನಿಂತಿದ್ದು, ಕ್ಯಾಬ್ "2 ನಿಮಿಷ" ಅಂತ ತೋರಿಸ್ಕೊಂಡು ಅಲ್ಲೇ ಯೂ ಟರ್ನ್ ಹೊಡೀತಾ ಇದ್ದಿದ್ದು, ಎಲ್ಲ ಸೇರಿಸಿದ್ರೆ ದಿನಕ್ಕೆ ಎಷ್ಟೊಂದು ಹೊತ್ತು ನಾವು ಸುಮ್ನೆ ನಿಂತಿರ್ತೀವಿ. ಈ ಊರೇ ನಮ್ಮನ್ನ ಹಿಡಿದು ನಿಲ್ಲಿಸುತ್ತೆ. ಆದ್ರೂ ಸಂಜೆ ಮನೆಗೆ ಬಂದಾಗ "ಇವತ್ತು ಏನ್ ನೋಡ್ದೆ" ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಇರಲ್ಲ, ಯಾಕಂದ್ರೆ ಮೈ ನಿಂತಿತ್ತು, ತಲೆ ಮಾತ್ರ ಓಡ್ತಾನೇ ಇತ್ತು.

ಅದಕ್ಕೇ "ನಿಧಾನವಾಗಿ ಬದುಕಿ, ಬೆಳಗ್ಗೆ ಐದಕ್ಕೆ ಏಳಿ, ಚಿಕ್ಕಮಗಳೂರಲ್ಲಿ ಹೋಮ್‌ಸ್ಟೇ ಬುಕ್ ಮಾಡಿ" ಅನ್ನೋ ಸಲಹೆಗಳು ನನಗೆ ಅಷ್ಟಕ್ಕಷ್ಟೇ. ನಿಧಾನ ಆಗೋದು ನಮ್ಮೂರಲ್ಲಿ ಸಮಸ್ಯೆನೇ ಅಲ್ಲ, ಅದು ಪುಕ್ಕಟೆ ಸಿಗುತ್ತೆ. ಹಂಗೆ ಸಿಕ್ಕಿರೋ ಬಿಡುವಲ್ಲಿ ಕಣ್ಣು ಕಿವಿ ಮೂಗನ್ನ ಕೆಲಸಕ್ಕೆ ಹಚ್ಚೋದು ಹೇಗೆ ಅಂತ ಇಲ್ಲಿ ಹೇಳ್ತೀನಿ. ರಜಾ ಬೇಡ, ದುಡ್ಡೂ ಜಾಸ್ತಿ ಬೇಡ.

ಸ್ಟೆಪ್ 1: ದಿನದಲ್ಲಿ ಎಲ್ಲೆಲ್ಲಿ ನಿಲ್ತೀರ, ಪಟ್ಟಿ ಮಾಡಿ

ಒಂದು ಮಾಮೂಲಿ ಕೆಲಸದ ದಿನ ತಗೊಳ್ಳಿ, ಭಾನುವಾರ ಬೇಡ. ಬೆಳಗ್ಗೆಯಿಂದ ರಾತ್ರಿವರೆಗೂ ಎಲ್ಲೆಲ್ಲಿ ಕಾಯ್ತೀರೋ ಅದನ್ನೆಲ್ಲ ಒಂದು ಕಡೆ ಬರ್ಕೊಳ್ತಾ ಹೋಗಿ. ಹಾಲು ಕಾಯೋವರೆಗೂ ಒಲೆ ಮುಂದೆ ನಿಲ್ಲೋದು, ಮಗೂನ ಸ್ಕೂಲ್ ವ್ಯಾನಿಗೆ ಗೇಟ್ ಹತ್ರ ನಿಲ್ಲೋದು, ಮೆಟ್ರೋ ಪ್ಲಾಟ್‌ಫಾರಂ, ಬಸ್ಸಲ್ಲಿ ಕಿಟಕಿ ಸೀಟು, ಮೀಟಿಂಗಲ್ಲಿ ಎಲ್ಲರೂ ಜಾಯಿನ್ ಆಗೋವರೆಗಿನ ಆ ಮೊದಲ ಮೂರ್ನಾಲ್ಕು ನಿಮಿಷ, ರಾತ್ರಿ ಊಟ ಆದ್ಮೇಲೆ ಬಾಲ್ಕನೀಲಿ ಬಟ್ಟೆ ತೆಗೆಯೋ ಹೊತ್ತು.

ಅದರಲ್ಲಿ ಎರಡೇ ಎರಡು ಆರಿಸ್ಕೊಳ್ಳಿ. ದಿನಾ ಬರೋದಾಗಿರ್ಬೇಕು, ಒಂದು ಮೂರು ನಿಮಿಷ ಆದ್ರೂ ಇರ್ಬೇಕು, ಆ ಹೊತ್ತಲ್ಲಿ ನೀವು ಗಾಡಿ ಓಡಿಸ್ತಾ ಇರ್ಬಾರ್ದು. ಈ ಕೊನೇದು ಸೀರಿಯಸ್ಸಾಗಿ ಹೇಳ್ತಿದೀನಿ, ಹೂವಿನ ಮರ ನೋಡ್ಕೊಂಡು ಮುಂದಿನ ಆಟೋಗೆ ಗುದ್ದಿದ್ರೆ ಅದಕ್ಕೆ ಈ ಗೈಡ್ ಜವಾಬ್ದಾರಿ ಅಲ್ಲ.

ಎರಡೇ ಯಾಕೆ ಅಂದ್ರೆ ಇಡೀ ದಿನ ಎಚ್ಚರವಾಗಿರ್ತೀನಿ ಅಂತ ಹೊರಟೋರು ಯಾರೂ ಮೂರನೇ ದಿನ ದಾಟಲ್ಲ. ಮನಸ್ಸು ಅಲೆದಾಡೋದು ಅದರ ಸ್ವಭಾವ. 2010ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತೆ ಡೇನಿಯಲ್ ಗಿಲ್ಬರ್ಟ್ ಅನ್ನೋ ಹಾರ್ವರ್ಡ್‌ನವರು 2,250 ಜನರಿಗೆ ಫೋನಲ್ಲಿ ದಿನದ ಯಾವ್ಯಾವುದೋ ಹೊತ್ತಲ್ಲಿ "ಈಗ ಏನ್ ಮಾಡ್ತಿದೀರ, ಏನ್ ಯೋಚಿಸ್ತಿದೀರ, ಎಷ್ಟು ಖುಷಿಯಾಗಿದೀರ" ಅಂತ ಕೇಳಿದ್ರು, ಸುಮಾರು 47 ಪರ್ಸೆಂಟ್ ಸಲ ಜನ ಮಾಡ್ತಿರೋ ಕೆಲಸ ಬಿಟ್ಟು ಬೇರೆ ಏನೋ ಯೋಚಿಸ್ತಿದ್ರಂತೆ. ಇದರಲ್ಲಿ ನನಗೆ ಮಜಾ ಅನ್ಸಿದ್ದು ಏನಪ್ಪಾ ಅಂದ್ರೆ, ಒಳ್ಳೇ ವಿಷಯಾನೇ ಯೋಚಿಸ್ತಾ ಕಳೆದುಹೋಗಿದ್ರೂ ಅವ್ರು ಎದುರಿಗಿರೋ ಕೆಲಸದಲ್ಲಿ ಮುಳುಗಿರೋರಿಗಿಂತ ಜಾಸ್ತಿ ಖುಷಿಯಾಗೇನೂ ಇರ್ಲಿಲ್ಲ. ಅಂದ್ರೆ ಸಿಗ್ನಲಲ್ಲಿ ನಿಂತು ಗೋವಾ ಬೀಚ್ ನೆನೆಸ್ಕೊಂಡ್ರೂ ಅಂಥಾ ಲಾಭ ಇಲ್ಲ.

ಸ್ಟೆಪ್ 2: ಕಾಫಿಯಿಂದ ಶುರು ಮಾಡಿ

ಪ್ರಾಕ್ಟೀಸಿಗೆ ಕಾಫಿಗಿಂತ ಒಳ್ಳೇ ಜಾಗ ಇಲ್ಲ. ದಿನಾ ಕುಡೀತೀವಿ, ಐದು ನಿಮಿಷದಲ್ಲಿ ಮುಗಿಯುತ್ತೆ, ಮತ್ತೆ ಮೂಗು ನಾಲಿಗೆ ಕಣ್ಣು ಕೈ ಎಲ್ಲಕ್ಕೂ ಅದರಲ್ಲಿ ಕೆಲಸ ಇದೆ. ಟೀ ಕುಡಿಯೋರು ಬೇಜಾರಾಗ್ಬೇಡಿ, ಇದೇ ಟೀಗೂ ಆಗುತ್ತೆ, ಆದ್ರೆ ಬಸವನಗುಡಿ ಕಡೆಯವರ ಮುಂದೆ ಹೇಳ್ಬೇಡಿ.

ಮೊದಲು ಲೋಟ ಕೈಗೆ ಬಂದ ಕೂಡ್ಲೇ ಕುಡಿಯೋಕೆ ಹೋಗ್ಬೇಡಿ. ಮೂಗಿನ ಹತ್ರ ತಂದು ಒಂದೆರಡು ಸಲ ಉಸಿರೆಳ್ಕೊಳ್ಳಿ. ಮೂಗಿಗೆ ಒಂದು ಅಭ್ಯಾಸ ಇದೆ, ಯಾವ ವಾಸನೆ ಆದ್ರೂ ಕೆಲವೇ ನಿಮಿಷದಲ್ಲಿ ಅದಕ್ಕೆ ಒಗ್ಗಿಹೋಗಿ ಗಮನಿಸೋದನ್ನೇ ಬಿಡುತ್ತೆ. ಕಾಫಿಪುಡಿ ಅಂಗಡಿ ಒಳಗೆ ಕಾಲಿಟ್ಟಾಗ ಮುಖಕ್ಕೆ ಹೊಡೆಯೋ ಘಮ ನಾವು ದುಡ್ಡು ಕೊಟ್ಟು ಹೊರಡೋ ಹೊತ್ತಿಗೆ ಮಾಯ ಆಗಿರುತ್ತಲ್ಲ, ಅದೇ. ಹೋಟ್ಲಿಗೆ ಹೋದಾಗ್ಲೂ ಬಾಗಿಲಲ್ಲೇ ಅರ್ಧ ನಿಮಿಷ ನಿಲ್ಲಿ, ತುಪ್ಪ, ಸಾಂಬಾರು, ಡಿಕಾಕ್ಷನ್ನು, ನೆಲ ಒರೆಸಿದ ಫಿನಾಯಿಲು, ಎಲ್ಲ ಬೇರೆ ಬೇರೆಯಾಗಿ ಸಿಗೋದು ಅಲ್ಲಿ ಮಾತ್ರ.

ಆಮೇಲೆ ಒಂದು ಸಣ್ಣ ಆಟ. ಮೂಗು ಮುಚ್ಕೊಂಡು ಒಂದು ಗುಟುಕು ಕುಡೀರಿ. ಬರೀ ಕಹಿ, ಸಿಹಿ, ಬಿಸಿ ಅಷ್ಟೇ ಗೊತ್ತಾಗುತ್ತೆ. ನುಂಗ್ತಾ ನುಂಗ್ತಾ ಮೂಗು ಬಿಡಿ, ತಕ್ಷಣ ಕಾಫಿ "ಬರುತ್ತೆ". ನಾವು ರುಚಿ ಅಂತ ಕರೆಯೋದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರೋ ಪರಿಮಳ, ಅದಕ್ಕೇ ನೆಗಡಿ ಆದಾಗ ಬಿಸಿಬೇಳೆಬಾತೂ ಸಪ್ಪೆ. ಇದು ಗೊತ್ತಾದ್ಮೇಲೆ ಪ್ರತಿ ಗುಟುಕು ನುಂಗಿದ ನಂತರ ಬಾಯಿ ಮುಚ್ಕೊಂಡು ಮೂಗಿಂದ ನಿಧಾನಕ್ಕೆ ಉಸಿರು ಬಿಡೋದು ರೂಢಿ ಮಾಡ್ಕೊಳ್ಳಿ, ಅರ್ಧ ಕಾಫಿ ಅಲ್ಲೇ ಇದೆ.

ಮೂರು ಗುಟುಕು ಮಾತ್ರ ಗಮನ ಇಟ್ಟು ಕುಡೀರಿ: ನೊರೆ ಜೊತೆ ಬರೋ ಮೊದಲನೇದು, ಸ್ವಲ್ಪ ಆರಿದ ಮೇಲೆ ಮಧ್ಯದ್ದು, ತಳದ್ದು. ಪೊಗರಿನಲ್ಲಿ ಸುಡೋ ಕಾಫಿ ಕುಡಿದ್ರೆ ನಾಲಿಗೆ ಸುಡುತ್ತೆ ಹೊರತು ರುಚಿ ಗೊತ್ತಾಗಲ್ಲ, ಆರ್ತಾ ಬಂದ ಹಾಗೆ ಚಿಕೋರಿಯ ಕಹಿ, ಹಾಲಿನ ಸಿಹಿ ಬಿಡಿಬಿಡಿಯಾಗಿ ಸಿಗುತ್ತೆ, ಸರಿಯಾಗಿ ಕಲಕಿಲ್ಲ ಅಂದ್ರೆ ತಳದಲ್ಲಿ ಸಕ್ಕರೆ ಪಾಕ. ಮಧ್ಯದ ಮಿಕ್ಕ ಗುಟುಕುಗಳಲ್ಲಿ ಧಾರಾಳವಾಗಿ ಹರಟೆ ಹೊಡೀರಿ, ಎಲ್ಲ ಗುಟುಕನ್ನೂ ಧ್ಯಾನ ಮಾಡ್ಕೊಂಡು ಕುಡಿಯೋನ ಜೊತೆ ಯಾರು ಕಾಫಿಗೆ ಬರ್ತಾರೆ?

ಮನೇಲಿ ಫಿಲ್ಟರ್ ಇದ್ರೆ ಇನ್ನೊಂದು ಮಾಡಿ. ಕಾಫಿಪುಡಿ ಅಂಗಡೀಲಿ "ಪ್ಯೂರ್ ನೂರು ಗ್ರಾಂ, ಚಿಕೋರಿ ಹಾಕಿದ್ದು ನೂರು ಗ್ರಾಂ, ಬೇರೆ ಬೇರೆ ಕಟ್ಟಿ" ಅಂತ ಕೇಳಿ, ಕಾಫಿಬೀಜದ ಜಾತಿ ಪೀಬೆರಿನೋ ಪ್ಲಾಂಟೇಶನ್ನೋ ಅವರ ಹತ್ರಾನೇ ಕೇಳಿ ತಿಳ್ಕೊಳ್ಳಿ, ಹೇಳೋಕೆ ಅವರಿಗೂ ಖುಷಿ. ಚಿಕೋರಿ ಅನ್ನೋದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿರ್ತಾರೆ, ಅದರಲ್ಲಿ ಕೆಫೀನ್ ಇರಲ್ಲ, ಬಣ್ಣ ಮತ್ತೆ ಗಟ್ಟಿತನ ಕೊಡುತ್ತೆ. ಎರಡನ್ನೂ ಒಂದೇ ದಿನ ಅಕ್ಕಪಕ್ಕ ಇಟ್ಟು ಕುಡಿದು ನೋಡಿ. ಹೋಲಿಸಿ ನೋಡಿದಾಗ ನಾಲಿಗೆ ತಾನಾಗೇ ಚುರುಕಾಗುತ್ತೆ, "ಗಮನ ಕೊಡ್ಬೇಕು ಗಮನ ಕೊಡ್ಬೇಕು" ಅಂತ ಒದ್ದಾಡೋದೇ ಬೇಡ. ಇದು ಮಾವಿನಹಣ್ಣಿಗೂ ಆಗುತ್ತೆ, ಬಾದಾಮಿ ರಸಪುರಿ ಒಂದೊಂದು ಹೋಳು ಒಟ್ಟಿಗೆ ತಿಂದು ನೋಡಿ.

ಒಂದು ಕಾಫಿನ ಇಬ್ಬರು ಹಂಚ್ಕೊಳ್ಳೋ ಬೈಟು ಕಾಫಿ ಬಗ್ಗೆನೂ ಒಂದ್ಮಾತು. ನಮ್ಮೂರಿನ ಅತಿ ದೊಡ್ಡ ಸಂಶೋಧನೆ ಅದು ಅಂತ ನನ್ನ ಅಭಿಪ್ರಾಯ. ಕಮ್ಮಿ ಇದ್ರೆ ತಾನೇ ಬೆಲೆ. 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್ ಮತ್ತೆ ಎಲಿಜಬೆತ್ ಡನ್ ಅನ್ನೋ ಮನಶ್ಶಾಸ್ತ್ರಜ್ಞರು ಕೆಲವರಿಗೆ ಒಂದು ವಾರ ಚಾಕಲೇಟ್ ತಿನ್ನಲೇಬೇಡಿ ಅಂದ್ರು, ಕೆಲವರಿಗೆ ಬೇಕಾದಷ್ಟು ಕೊಟ್ಟು ತಿನ್ನಿ ಅಂದ್ರು, ವಾರ ಆದ್ಮೇಲೆ ಚಾಕಲೇಟ್ ಕೊಟ್ರೆ ಬಿಟ್ಟಿದ್ದವರೇ ಜಾಸ್ತಿ ಸವಿದ್ರು. ಕ್ವಾಡ್‌ಬಾಕ್ ತಂಡದ್ದೇ 2010ರ ಇನ್ನೊಂದು ಪ್ರಯೋಗದಲ್ಲಿ ದುಡ್ಡಿನ ಫೋಟೋ ತೋರಿಸಿ ಆಮೇಲೆ ಚಾಕಲೇಟ್ ಕೊಟ್ಟಾಗ ಜನ ಬೇಗ ಬೇಗ ತಿಂದು ಮುಗಿಸಿದ್ರು, ಖುಷಿನೂ ಕಮ್ಮಿ ಪಟ್ರು. ಅದಕ್ಕೇ ಕಾಫಿ ಟೇಬಲ್ ಮೇಲೆ ಮ್ಯೂಚುವಲ್ ಫಂಡ್ ಆಪ್ ತೆಗೀಬೇಡಿ ಅನ್ನೋದು.

ಹೋಟೆಲಲ್ಲಿ ಕಣ್ಣಿಗೂ ಕೆಲಸ ಕೊಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಅಲ್ಲಿ ಮಾಣಿ ಒಂದೇ ಕೈ ಮೇಲೆ ದೋಸೆ ತಟ್ಟೆ ಒಂದರ ಮೇಲೊಂದು ಪೇರಿಸ್ಕೊಂಡು ಬರೋದನ್ನ ಎಲ್ಲರೂ ಮೊಬೈಲಲ್ಲಿ ವಿಡಿಯೋ ಮಾಡ್ತಾರೆ, ನೀವು ಅವನ ಪಾದ ನೋಡಿ, ಟೇಬಲ್ಲುಗಳ ಮಧ್ಯೆ ಎಲ್ಲಿ ತಿರುಗ್ತಾನೆ ಅಂತ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಲ್ಲಿ ಸಾಂಬಾರೇ ಕೊಡಲ್ಲ, ಚಟ್ನಿ ಮಾತ್ರ, ಹಾಗಾಗಿ ಗಮನ ಪೂರ್ತಿ ಇಡ್ಲಿ ಮೇಲೆ. ಮೊದಲ ತುತ್ತು ಚಟ್ನಿ ಮುಟ್ಟಿಸದೆ ತಿನ್ನಿ, ಉದ್ದು ಅಕ್ಕಿ ಹುಳಿ ಬಂದಿರೋ ರುಚಿ ಅಂತ ಒಂದಿದೆ, ಅದು ಸಾಂಬಾರಲ್ಲಿ ಮುಳುಗಿಸಿದ್ರೆ ಯಾವತ್ತೂ ಸಿಗಲ್ಲ.

ಸ್ಟೆಪ್ 3: ಫೋನಿಗೆ ಒಂದು ಜಾಗ ಗೊತ್ತು ಮಾಡಿ

ಫೋನ್ ಬಿಟ್ಬಿಡಿ ಅಂತೆಲ್ಲ ಹೇಳಲ್ಲ, ಹೇಳಿದ್ರೂ ಯಾರೂ ಬಿಡಲ್ಲ, ಕಾಫಿಗೆ ದುಡ್ಡು ಕೊಡೋದೂ ಅದರಲ್ಲೇ. ಸ್ಟೆಪ್ ಒಂದರಲ್ಲಿ ಆರಿಸಿದ ಆ ಎರಡು ಹೊತ್ತಲ್ಲಿ ಮಾತ್ರ ಅದು ಬ್ಯಾಗಲ್ಲಿರಲಿ, ಜೇಬಲ್ಲಿ ಬೇಡ, ಜೇಬಲ್ಲಿದ್ರೆ ಕೈ ತಾನಾಗೇ ಹೋಗುತ್ತೆ. ಸ್ಕ್ಯಾನ್ ಮಾಡಿ, ದುಡ್ಡು ಕಟ್ಟಿ, ಟೋಕನ್ ತಗೊಂಡು, ಫೋನ್ ಬ್ಯಾಗಿಗೆ, ಆಮೇಲೆ ಲೋಟ ಕೈಗೆ. ಈ ಕ್ರಮ ಒಂದ್ಸಲ ಕೂತ್ರೆ ಆಮೇಲೆ ಯೋಚನೆ ಮಾಡ್ಬೇಕಾಗಿಲ್ಲ.

ಸ್ಟೆಪ್ 4: ಒಂದು ಮರ ನಿಮ್ಮದು ಮಾಡ್ಕೊಳ್ಳಿ

ದಿನಾ ಓಡಾಡೋ ದಾರೀಲಿ ಒಂದೇ ಒಂದು ಮರ. ಬಸ್‌ಸ್ಟಾಪ್ ಹತ್ರದ್ದೋ, ಆಫೀಸ್ ಕಿಟಕಿಯಿಂದ ಕಾಣೋದೋ, ಅಪಾರ್ಟ್‌ಮೆಂಟ್ ಗೇಟಿನ ಹೊಂಗೆನೋ. ದಿನಾ ಅದನ್ನ ಅರ್ಧ ನಿಮಿಷ ನೋಡಿ, ನಿನ್ನೆಗಿಂತ ಏನು ಬದಲಾಗಿದೆ ಅಂತ ಒಂದು ವಿಷಯ ಹುಡುಕಿ. ಮೊದಲನೇ ವಾರ ಏನೂ ಕಾಣಲ್ಲ, ಬೋರ್ ಹೊಡಿಯುತ್ತೆ, ಅದು ಸಹಜ. ಎರಡನೇ ವಾರದಿಂದ ಕೊಂಬೆ ಮೇಲೆ ಇರುವೆ ಗೂಡು, ಬುಡದಲ್ಲಿ ಯಾರೋ ಇಟ್ಟ ಹಳೇ ದೇವರ ಫೋಟೋ, ಕಾಂಡಕ್ಕೆ ಹೊಡೆದ ಪಿಜಿ ಜಾಹೀರಾತಿನ ಮೊಳೆ, ಒಂದೊಂದೇ ಕಾಣೋಕೆ ಶುರುವಾಗುತ್ತೆ.

ಬೆಂಗಳೂರಲ್ಲಿ ಈ ಸ್ಟೆಪ್ ಬೇರೆ ಊರಿಗಿಂತ ಸುಲಭ, ಅದಕ್ಕೊಂದು ಕಾರಣ ಇದೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅಂತ ಒಬ್ಬ ಜರ್ಮನ್ ತೋಟಗಾರಿಕಾ ತಜ್ಞ, ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಕೆಲಸ ಮಾಡಿ ಬರೋಡಾ ಸಂಸ್ಥಾನಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ್ರು. ಒಂದು ಜಾತಿ ಮರದ ಹೂ ಉದುರೋ ಹೊತ್ತಿಗೆ ಇನ್ನೊಂದು ಜಾತಿ ಅರಳ್ಬೇಕು, ವರ್ಷವಿಡೀ ಊರಲ್ಲಿ ಎಲ್ಲಾದ್ರೂ ಹೂ ಇರ್ಲೇಬೇಕು ಅಂತ ರಸ್ತೆಬದಿ ಮರಗಳನ್ನ ಆರಿಸಿ ನೆಡೋ ಯೋಚನೆ ಅವರದ್ದು ಅಂತ ಹೇಳ್ತಾರೆ. ಲಾಲ್‌ಬಾಗ್ ಪಕ್ಕದಲ್ಲೇ ಅವರ ಹೆಸರಿನ ರಸ್ತೆನೂ ಇದೆ. ಅಂದ್ರೆ ನಾವು ಟ್ರಾಫಿಕಲ್ಲಿ ಬೈಕೊಂಡು ದಾಟೋ ರಸ್ತೆನ ಯಾರೋ ನೂರು ವರ್ಷದ ಹಿಂದೆ ತಿಂಗಳ ಲೆಕ್ಕದಲ್ಲಿ ಪ್ಲಾನ್ ಮಾಡಿಟ್ಟಿದ್ರು.

ಸುಮಾರಾಗಿ ಹೀಗೆ ನಡೆಯುತ್ತೆ, ಮಳೆ ಬಿಸಿಲು ನೋಡ್ಕೊಂಡು ಸ್ವಲ್ಪ ಹಿಂದೆ ಮುಂದೆ ಆಗುತ್ತೆ. ವರ್ಷದ ಶುರುವಲ್ಲಿ ಗುಲಾಬಿ ಟಬೂಬಿಯಾ, ಎಲೆ ಕಾಣದ ಹಾಗೆ. ಫೆಬ್ರವರಿ ಮಾರ್ಚಲ್ಲಿ ಹಳದಿ ಟಬೂಬಿಯಾ ಮತ್ತೆ ನೀಲಿ ನೇರಳೆ ಜಕರಾಂಡ. ಮಾರ್ಚ್ ಕೊನೆಗೆ ಹೊಂಗೆ ಎಲೆಯೆಲ್ಲ ಉದುರಿಸಿ ಹೊಸದಾಗಿ ಚಿಗುರುತ್ತೆ, ಆ ಎಳೇ ಹಸಿರು ಬೆಳಗಿನ ಬಿಸಿಲಿಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ, ನನ್ನ ಕೇಳಿದ್ರೆ ಟಬೂಬಿಯಾಗಿಂತ ಇದೇ ಚೆಂದ, ಆದ್ರೆ ಇನ್‌ಸ್ಟಾದಲ್ಲಿ ಹೊಂಗೆಗೆ ಯಾರೂ ಲೈಕ್ ಕೊಡಲ್ಲ. ಯುಗಾದಿ ಹೊತ್ತಿಗೆ ಬೇವಿನ ಹೂ. ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್ ಕೆಂಪು, ಕಕ್ಕೆ ಹಳದಿ, ಹೊಳೆದಾಸವಾಳದ ನೇರಳೆ ಎಲ್ಲ ಒಟ್ಟಿಗೆ. ಮಳೆಗಾಲ ಮುಗಿದು ಚಳಿ ಶುರುವಾಗೋ ಹೊತ್ತಿಗೆ ಆಕಾಶಮಲ್ಲಿಗೆ: ರಾತ್ರಿ ಅರಳಿ ಬೆಳಗ್ಗೆ ರಸ್ತೆ ತುಂಬ ಉದ್ದ ತೊಟ್ಟಿನ ಬಿಳಿ ಹೂ ಬಿದ್ದಿರುತ್ತೆ, ಸೂಜಿ ದಾರ ಇಲ್ಲದೆ ತೊಟ್ಟಿಗೆ ತೊಟ್ಟು ಹೆಣೆದು ಜಡೆ ಮಾಡ್ಬೋದು, ಮನೇಲಿ ಅಜ್ಜಿ ಇದ್ರೆ ಕೇಳಿ, ಹೇಳ್ಕೊಡ್ತಾರೆ.

ಮೆಟ್ರೋದಲ್ಲಿ ಓಡಾಡೋರಿಗೆ ಒಂದು ಬೋನಸ್ ಇದೆ, ಮರದ ನೆತ್ತಿ ನೋಡೋ ಅವಕಾಶ. ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡಿಂದ ಇಂದಿರಾನಗರ ಕಡೆ ಹೋಗ್ವಾಗ ಬಾಗಿಲ ಹತ್ರ ನಿಂತ್ಕೊಳ್ಳಿ. ಕೆಳಗೆ ರಸ್ತೇಲಿ ಬರೀ ನೆರಳಾಗಿದ್ದ ಮರ ಇಲ್ಲಿ ಪೂರ್ತಿ ಬೇರೆ, ಹೂ ಎಲ್ಲ ಮೇಲ್ಗಡೆನೇ ಇರುತ್ತೆ ಅನ್ನೋದು ಅಲ್ಲಿವರೆಗೂ ಗೊತ್ತೇ ಇರಲ್ಲ.

ಸ್ಟೆಪ್ 5: ಕಿವಿ

ಬೆಂಗಳೂರು ಗಲಾಟೆ ಊರು, ಒಪ್ಕೊಳ್ಳೋಣ. ಆ ಗಲಾಟೆನ ಬಿಡಿಸಿ ಕೇಳೋದೇ ಇಲ್ಲಿ ಕೆಲಸ. ಬಾಲ್ಕನೀಲಿ ಕಣ್ಣು ಮುಚ್ಕೊಂಡು ನಿಂತು ಮೊದಲು ತುಂಬ ದೂರದ ಸದ್ದು ಯಾವುದು ಅಂತ ಹುಡುಕಿ, ಆಮೇಲೆ ಅದಕ್ಕಿಂತ ಹತ್ರದ್ದು, ಹಂಗೇ ಬರ್ತಾ ಬರ್ತಾ ಕೊನೆಗೆ ನಿಮ್ಮ ಉಸಿರು. ದೂರದ ರೈಲು, ಹೈವೇ ಲಾರಿ, ಕಸದ ಗಾಡಿ ಹಾಡು, ತಳ್ಳುಗಾಡಿಯವಳ "ಸೊಪ್ಪೂ" ಅನ್ನೋ ರಾಗ, ಪಕ್ಕದ ಮನೆ ಕುಕ್ಕರಿನ ಮೂರನೇ ವಿಷಲ್, ಮೇಲಿನ ಮನೆಯವರು ಕುರ್ಚಿ ಎಳೆಯೋದು. ಎರಡು ನಿಮಿಷ ಸಾಕು.

ಹಕ್ಕಿ ಬೇಕಾದ್ರೆ ಎರಡರಿಂದ ಶುರು ಮಾಡಿ. ಒಂದು ಕೋಗಿಲೆ, ಬೇಸಿಗೆ ಬರ್ತಿದ್ದ ಹಾಗೆ ಬೆಳಗಿನ ಜಾವಕ್ಕೇ ಶುರು ಹಚ್ಕೊಳ್ಳುತ್ತೆ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕುಟ್ರು ಹಕ್ಕಿ, "ಕುಟ್ರೂ ಕುಟ್ರೂ" ಅಂತ ನಿಲ್ಲಿಸದೇ ಕೂಗೋದು, ಕೇಳಿರ್ತೀರ, ನೋಡಿರಲ್ಲ, ಯಾಕಂದ್ರೆ ಮೈಯೆಲ್ಲ ಎಲೆ ಹಸಿರು. ಸದ್ದು ಬರೋ ಕೊಂಬೆ ಕಡೆ ಕಣ್ಣು ನೆಟ್ಟು ಅಲುಗಾಡದೆ ನಿಂತ್ರೆ ಕೊನೆಗೆ ತಲೆ ತಿರುಗಿಸಿದಾಗ ಸಿಕ್ಕಿಬೀಳುತ್ತೆ. ಮರ್ಲಿನ್ ಅನ್ನೋ ಆಪ್ ಸದ್ದು ಕೇಳಿಸ್ಕೊಂಡೇ ಹಕ್ಕಿ ಹೆಸರು ಹೇಳುತ್ತೆ, ಕಾರ್ನೆಲ್ ಯೂನಿವರ್ಸಿಟಿಯವರದ್ದು, ಫ್ರೀ. ಆದ್ರೆ ಮೊದಲು ನೀವೇ ಊಹೆ ಮಾಡಿ, ಆಮೇಲೆ ಆಪ್ ತೆಗೀರಿ. ಮೊದಲೇ ಆಪ್ ತೆಗೆದ್ರೆ ಹೆಸರು ಓದಿ ಮುಗಿಸ್ತೀರ, ಹಕ್ಕಿ ಅಲ್ಲೇ ಉಳಿಯುತ್ತೆ.

ಸ್ಟೆಪ್ 6: ಫೋಟೋ ಆಮೇಲೆ

ಫೋಟೋ ತೆಗೀಬೇಡಿ ಅಂತ ಅಲ್ಲ. 2014ರಲ್ಲಿ ಪ್ರಕಟವಾದ ಲಿಂಡಾ ಹೆಂಕೆಲ್ ಅವರ ಅಧ್ಯಯನದಲ್ಲಿ ಮ್ಯೂಸಿಯಂ ನೋಡೋಕೆ ಹೋದವರು ಸುಮ್ನೆ ನೋಡಿದ ವಸ್ತುಗಳನ್ನ ಚೆನ್ನಾಗಿ ನೆನಪಿಟ್ಕೊಂಡಿದ್ರು, ಫೋಟೋ ಹೊಡೆದಿದ್ದನ್ನ ಅಷ್ಟು ನೆನಪಿಟ್ಟಿರ್ಲಿಲ್ಲ, ಕ್ಯಾಮೆರಾ ನೋಡ್ಕೊಳ್ಳುತ್ತೆ ಬಿಡು ಅಂತ ತಲೆ ಕೈಬಿಟ್ಟಿರುತ್ತೆ. ಆದ್ರೆ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಿಗೆ ಈ ಮರೆವು ಆಗಿರ್ಲಿಲ್ಲ. ಹಾಗಾಗಿ ನನ್ನ ರೂಲ್ ಇದು: ಮೊದಲು ಬರಿಗಣ್ಣಲ್ಲಿ ನೋಡಿ, ಯಾವ ಸಣ್ಣ ಭಾಗ ಹಿಡಿಸ್ತು ಅಂತ ನಿರ್ಧಾರ ಮಾಡಿ, ಅದಕ್ಕೆ ಹತ್ರ ಹೋಗಿ ಒಂದೇ ಫೋಟೋ. ಇಡೀ ಗುಲ್‌ಮೊಹರ್ ಮರದ ಫೋಟೋ ಗೂಗಲ್ ತುಂಬ ಇದೆ, ಅದರ ಐದು ದಳದಲ್ಲಿ ಒಂದಕ್ಕೆ ಮಾತ್ರ ಬಿಳಿ ಹಳದಿ ಚುಕ್ಕೆ ಇರುತ್ತಲ್ಲ, ಅದನ್ನ ತೆಗೀರಿ.

ಸ್ಟೆಪ್ 7: ಮೊದಲ ಮಳೆಗೆ ರೆಡಿ ಇರಿ

ಇದಕ್ಕೆ ಟೈಮಿಂಗ್ ಮುಖ್ಯ. ಒಣ ನೆಲದ ಮೇಲೆ ಮೊದಲ ಹನಿ ಬಿದ್ದಾಗ ಬರೋ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನೋ ಪದಾರ್ಥ, ಮಣ್ಣಲ್ಲಿರೋ ಬ್ಯಾಕ್ಟೀರಿಯಾ ತಯಾರಿಸೋದು, ನಮ್ಮ ಮೂಗು ಅದನ್ನ ಅತಿ ಸೂಕ್ಷ್ಮ ಪ್ರಮಾಣದಲ್ಲೂ ಹಿಡಿಯುತ್ತೆ. ಹನಿ ಮಣ್ಣಿಗೆ ಬಡಿದಾಗ ಒಳಗೆ ಸಿಕ್ಕಿದ ಗಾಳಿ ಸಣ್ಣ ಗುಳ್ಳೆಯಾಗಿ ಮೇಲೆದ್ದು ಒಡೆದು ವಾಸನೆನ ಗಾಳಿಗೆ ಚೆಲ್ಲುತ್ತೆ, ಅಮೆರಿಕದ ಎಂಐಟಿ ಯೂನಿವರ್ಸಿಟಿಯವರು 2015ರಲ್ಲಿ ಇದನ್ನ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ರು, ಹಗುರ ಮಳೇಲಿ ಇದು ಚೆನ್ನಾಗಿ ಆಗುತ್ತೆ, ಧೋ ಅಂತ ಸುರಿಯೋ ಮಳೇಲಿ ಅಷ್ಟಾಗಲ್ಲ. ಅಂದ್ರೆ ನಿಮಗಿರೋದು ಮೊದಲ ಕೆಲವು ನಿಮಿಷ. ಏಪ್ರಿಲಲ್ಲಿ ಮಧ್ಯಾಹ್ನ ಸೆಖೆ ಏರಿ ಸಂಜೆ ಗಾಳಿ ತಣ್ಣಗಾಗಿ ಧೂಳು ಎದ್ದಾಗಲೇ ಕಿಟಕಿ ತೆಗೀರಿ, ನೆಲ ಮಹಡಿಗೆ ಇಳಿದು ಹೋಗೋಕಾದ್ರೆ ಇನ್ನೂ ಒಳ್ಳೇದು, ಹದಿನಾಲ್ಕನೇ ಫ್ಲೋರಿಗೆ ಆ ವಾಸನೆ ಅಷ್ಟು ಬರಲ್ಲ. ಬಟ್ಟೆ ಒಣಹಾಕಿದ್ರೆ ಮೊದಲೇ ತೆಗೆದಿಡಿ, ಇಲ್ಲಾಂದ್ರೆ ಸವಿಯೋ ಹೊತ್ತಿಗೆ ಮನೆಯವರ ಬೈಗುಳ. ಆಮೇಲೆ ಅಂಡರ್‌ಪಾಸಲ್ಲಿ ನೀರು ನಿಂತಾಗ ಇದೆಲ್ಲ ನೆನಪಿಗೆ ಬರಲ್ಲ, ಅದೂ ಸರಿನೇ, ಒಡೆದ ಫುಟ್‌ಪಾತನ್ನೂ ಮೋರಿ ನಾತಾನೂ ಸವೀರಿ ಅಂತ ಯಾರೂ ಹೇಳ್ತಿಲ್ಲ, ಅದಕ್ಕೆ ಕಂಪ್ಲೇಂಟ್ ಕೊಡಿ.

ಸ್ಟೆಪ್ 8: ವಾರಕ್ಕೊಂದು ಕಲ್ಲು

ಭಾನುವಾರ ಅರ್ಧ ಗಂಟೆ ಸಿಕ್ರೆ ಲಾಲ್‌ಬಾಗ್ ಬಂಡೆಗೆ ಹೋಗಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಅದು, ಜನ ಎಲ್ಲ ಗ್ಲಾಸ್‌ಹೌಸ್ ಮುಂದೆ ಸೆಲ್ಫೀ ತಗೊಂಡು, ಬಂಡೆ ಹತ್ತಿ ಕೆಂಪೇಗೌಡರ ಗೋಪುರ ಮುಟ್ಟಿ ಇಳಿದುಬಿಡ್ತಾರೆ. ಕಾಲಡಿ ಇರೋ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು, ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿ ಬೋರ್ಡೂ ಹಾಕಿದ್ದಾರೆ. ಕೂತ್ಕೊಂಡು ಕಲ್ಲಿನ ಮೇಲ್ಮೈ ನೋಡಿ, ಕಪ್ಪು ಬಿಳಿ ಪಟ್ಟಿಗಳು ಬಳುಕ್ಕೊಂಡು ಹೋಗಿರ್ತವೆ, ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಆಗಿರೋದು ಅದು. ಸಂಜೆ ಹೋದ್ರೆ ಅಂಗೈ ಇಟ್ಟು ನೋಡಿ, ಸೂರ್ಯ ಇಳಿದ ಮೇಲೂ ಬೆಚ್ಚಗಿರುತ್ತೆ. ಈ ಬಂಡೆಯ ವಯಸ್ಸು ಒಂದ್ಸಲ ತಲೆಗೆ ಹೋದ್ರೆ ಸೋಮವಾರದ ಡೆಡ್‌ಲೈನ್ ಸ್ವಲ್ಪ ಸಣ್ಣದಾಗಿ ಕಾಣುತ್ತೆ, ಪೂರ್ತಿ ಅಲ್ಲ, ಸ್ವಲ್ಪ.

ಇದಕ್ಕೂ ಒಂದು ಪ್ರಯೋಗ ಇದೆ. 2020ರಲ್ಲಿ ವರ್ಜೀನಿಯಾ ಸ್ಟರ್ಮ್ ಮತ್ತೆ ತಂಡದವರು ವಯಸ್ಸಾದವರಿಗೆ ಎಂಟು ವಾರ, ವಾರಕ್ಕೊಂದು ಸಲ 15 ನಿಮಿಷ ವಾಕ್ ಹೋಗೋಕೆ ಹೇಳಿದ್ರು, ಒಂದು ಗುಂಪಿಗೆ ಮಾತ್ರ ಬೆರಗು ಹುಟ್ಟಿಸೋ ಏನಾದ್ರೂ ಹುಡುಕ್ತಾ ನಡೀರಿ ಅಂದ್ರು. ದಾರೀಲಿ ಸೆಲ್ಫೀನೂ ತಗೋಬೇಕಿತ್ತು, ವಾರ ಕಳೆದ ಹಾಗೆ ಆ ಗುಂಪಿನವರ ಫೋಟೋಗಳಲ್ಲಿ ಅವರ ಮುಖ ಸಣ್ಣದಾಗ್ತಾ ಸುತ್ತಲಿನ ಜಾಗ ದೊಡ್ಡದಾಗ್ತಾ ಹೋಯ್ತು, ನಗು ಮಾತ್ರ ಜಾಸ್ತಿ ಆಯ್ತು.

ಲಾಲ್‌ಬಾಗ್ ದೂರ ಆದ್ರೆ ನಿಮ್ಮ ಏರಿಯಾದ ಹಳೇ ದೇವಸ್ಥಾನದ ಹತ್ರ ವೀರಗಲ್ಲು ಇದೆಯಾ ನೋಡಿ, ಬೆಂಗಳೂರು ತುಂಬ ಇವೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು, ಬೇಗೂರಿನ ಕಲ್ಲಲ್ಲಿ ಒಂಬತ್ತನೇ ಶತಮಾನದ ಕೊನೆಗೇ "ಬೆಂಗಳೂರು" ಹೆಸರು ಬಂದಿದೆ.

ಸ್ಟೆಪ್ 9: ರಾತ್ರಿ ಯಾರಿಗಾದ್ರೂ ಒಂದು ಹೇಳಿ

ಈ ಸವಿಯೋ ವಿದ್ಯೆ ಬಗ್ಗೆ ಜಾಸ್ತಿ ಕೆಲಸ ಮಾಡಿರೋರು ಫ್ರೆಡ್ ಬ್ರಯಂಟ್ ಮತ್ತೆ ಜೋಸೆಫ್ ವೆರೋಫ್ ಅನ್ನೋ ಮನಶ್ಶಾಸ್ತ್ರಜ್ಞರು. ಅವರ ಪ್ರಕಾರ ಸವಿಯೋದು ಮೂರು ಕಾಲದಲ್ಲೂ ನಡೆಯುತ್ತೆ: ಬರೋದಕ್ಕೆ ಕಾಯೋದು, ಆಗ್ತಿರೋದನ್ನ ಅನುಭವಿಸೋದು, ಆಗಿದ್ದನ್ನ ಮೆಲುಕು ಹಾಕೋದು. ಇನ್ನೊಬ್ಬರ ಜೊತೆ ಹಂಚ್ಕೊಳ್ಳೋದನ್ನೂ ಅವರು ಮುಖ್ಯ ದಾರಿ ಅಂತಾರೆ. ನಮ್ಮ ಕಡೆ ಇದಕ್ಕೆ ಹೊಸದೇನೂ ಕಲಿಯೋದು ಬೇಡ, ಊರಲ್ಲಿರೋ ಅಮ್ಮನಿಗೆ ಫೋನ್ ಮಾಡಿ "ಊಟ ಆಯ್ತಾ" ಆದ್ಮೇಲೆ ಏನ್ ಮಾತಾಡೋದು ಅಂತ ತಡಕಾಡ್ತೀವಲ್ಲ, ಅಲ್ಲಿ ಹೇಳಿ: "ಅಮ್ಮಾ, ಇಲ್ಲಿ ಬೇವು ಹೂ ಬಿಟ್ಟಿದೆ, ನಮ್ಮನೆ ಹಿತ್ತಲದ್ದು ಬಿಡ್ತಾ?" ಆಮೇಲೆ ಹತ್ತು ನಿಮಿಷ ಅವರೇ ಮಾತಾಡ್ತಾರೆ.

ಒಂದೇ ಎಚ್ಚರಿಕೆ. ಆ ಹೊತ್ತಲ್ಲಿ "ಮೊದಲಿದ್ದ ಬೆಂಗಳೂರೇ ಬೇರೆ, ಈಗ ಏನಿದೆ ಮಣ್ಣು" ಅನ್ನೋ ರಾಗ ತೆಗೀಬೇಡಿ. ಮಾತು ನಿಜ ಇರ್ಬೋದು, ಆದ್ರೆ ಎದುರಿಗಿರೋ ಜಕರಾಂಡದ ಕತ್ತು ಹಿಸುಕೋಕೆ ಅದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಆಗದೇ ಇದ್ರೆ?

ಇಎಂಐ, ಆಸ್ಪತ್ರೆ, ರಿಲೀಸ್ ವೀಕ್, ಇಂಥಾ ದಿನಗಳಲ್ಲಿ ಯಾವ ಸ್ಟೆಪ್ಪೂ ನಡೆಯಲ್ಲ, ಬಿಡಿ. ಸ್ಟ್ರೀಕ್ ಲೆಕ್ಕ ಇಡ್ಬೇಡಿ, ಹ್ಯಾಬಿಟ್ ಟ್ರ್ಯಾಕರಲ್ಲಿ "ಹೂ ನೋಡಿದೆ" ಅಂತ ಟಿಕ್ ಹಾಕೋ ಮಟ್ಟಕ್ಕೆ ಬಂದ್ರೆ ಅದೂ ಆಫೀಸ್ ಕೆಲಸದ ಲೆಕ್ಕ ಇಡೋ ಒಂದು ಜಿರಾ ಟಿಕೆಟ್ಟೇ ಆಯ್ತು. ಆದ್ರೆ ವಾರಗಟ್ಟಲೆ ಯಾವುದೂ ರುಚಿಸ್ತಿಲ್ಲ, ಇಷ್ಟ ಆಗ್ತಿದ್ದ ಊಟ, ಹಾಡು, ಜನ ಯಾವುದೂ ಬೇಡ ಅನ್ನಿಸ್ತಿದೆ, ನಿದ್ದೆನೂ ಕೆಟ್ಟಿದೆ ಅಂದ್ರೆ ಅದು ಗಮನದ ಸಮಸ್ಯೆ ಅಲ್ಲ, ಡಿಪ್ರೆಶನ್ ಇರ್ಬೋದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕೇಂದ್ರ ಸರ್ಕಾರದ್ದು, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, ಫ್ರೀ. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ, ಹೋಗೋಕೆ ಸಂಕೋಚ ಬೇಡ.

ಕೊನೇ ಸ್ಟೆಪ್: ವರ್ಷಕ್ಕೆ ಬರೋದನ್ನ ಈಗ್ಲೇ ಕ್ಯಾಲೆಂಡರಿಗೆ ಹಾಕಿ

ಬ್ರಯಂಟ್ ಹೇಳೋ ಆ ಕಾಯೋ ಸುಖ ಇದೆಯಲ್ಲ, ಅದಕ್ಕೆ. ಮೀಟಿಂಗಿಗೆ ರಿಮೈಂಡರ್ ಹಾಕ್ತೀವಿ, ಇದಕ್ಕೂ ಹಾಕಿ.

ಜನವರೀಲಿ ಸೊಗಡು ಅವರೆಕಾಯಿ. ಮೂಟೆಗೆ ಕೈ ಹಾಕಿದ್ರೆ ಬೆರಳಿಗೆ ಅಂಟೋ ಆ ವಾಸನೆ ನೋಡಿನೇ ಕೊಳ್ಳಿ, ಸುಲಿದು ಪ್ಯಾಕೆಟಲ್ಲಿ ಬರೋದು ಬೇಡ, ಟಿವಿ ಮುಂದೆ ಎಲ್ಲರೂ ಕೂತು ಸುಲಿದು ಹಿತಕೋದರಲ್ಲೇ ಅರ್ಧ ಮಜಾ. ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರದಲ್ಲಿ ಬಿಸಿಲು ನಂದಿ ಕೊಂಬಿನ ಮಧ್ಯೆ ಹಾದು ಲಿಂಗದ ಮೇಲೆ ಬೀಳುತ್ತೆ, ರಶ್ಶು ವಿಪರೀತ, ಟಿವೀಲಿ ನೋಡಿದ್ರೂ ನಡೆಯುತ್ತೆ. ಚೈತ್ರ ಹುಣ್ಣಿಮೆ ರಾತ್ರಿ ಕರಗ, ಪೇಟೆ ಗಲ್ಲೀಲಿ ಕರಗ ಬರೋಕೆ ಮೊದಲೇ ಮಲ್ಲಿಗೆ ವಾಸನೆ ಬರುತ್ತೆ.

ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸುಮಾರು 12:17ಕ್ಕೆ ಸೂರ್ಯ ನೆತ್ತಿ ಮೇಲೆ ಸರಿಯಾಗಿ ಬರ್ತಾನೆ, ನೇರ ನಿಂತಿರೋ ಯಾವುದಕ್ಕೂ ಪಕ್ಕಕ್ಕೆ ನೆರಳು ಬೀಳಲ್ಲ. ಆಗಸ್ಟ್ 18ರ ಹತ್ತಿರ 12:24ರ ಸುಮಾರಿಗೆ ಮತ್ತೊಮ್ಮೆ. ನಮ್ಮೂರು ಕರ್ಕಾಟಕ ವೃತ್ತಕ್ಕಿಂತ ಕೆಳಗಿರೋದ್ರಿಂದ ವರ್ಷಕ್ಕೆ ಎರಡು ಸಲ ಹೀಗಾಗುತ್ತೆ, ದೆಲ್ಲಿಯವರಿಗೆ ಈ ಭಾಗ್ಯ ಇಲ್ಲ. ಆಫೀಸ್ ಟೆರೇಸ್ ಮೇಲೆ ಒಂದು ನೀರಿನ ಬಾಟಲಿ ನಿಲ್ಲಿಸಿ, ಹತ್ತು ನಿಮಿಷ ಮುಂಚೆನೇ ಹೋಗಿ, ನೆರಳು ಬುಡಕ್ಕೆ ಸೇರೋದನ್ನ ನೋಡೋದೇ ನೋಡೋದು. ಆಗಸ್ಟಲ್ಲಿ ಮೋಡ ಇರೋ ಸಾಧ್ಯತೆ ಜಾಸ್ತಿ, ಏಪ್ರಿಲೇ ನಂಬಿಕಸ್ತ.

ಆಮೇಲೆ ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ. ಭಾನುವಾರ ಮಧ್ಯಾಹ್ನಾನೇ ಹೋಗ್ಬಿಡಿ, ಸೋಮವಾರ ಸಂಜೆ ಕಾಲಿಡೋಕೂ ಜಾಗ ಇರಲ್ಲ. ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿಗೆ ಇಳಿದು ನಡ್ಕೊಂಡು ಹೋಗಿ, ಗಾಡಿ ತಗೊಂಡೋದ್ರೆ ಪಾರ್ಕಿಂಗ್ ಹುಡುಕೋದರಲ್ಲೇ ಪರಿಷೆ ಮುಗಿಯುತ್ತೆ. ಹಸಿ ಕಡಲೆಕಾಯಿ ಒಂದು ಸೇರು, ಹುರಿದಿದ್ದು ಒಂದು ಸೇರು ಬೇರೆ ಬೇರೆ ಕಟ್ಟಿಸ್ಕೊಳ್ಳಿ, ಕೊಳ್ಳೋ ಮುಂಚೆ ಎರಡು ಮೂರು ರಾಶಿ ರುಚಿ ನೋಡಿ, ಯಾರೂ ಏನೂ ಅನ್ನಲ್ಲ. ಚೀಲ ಮನೆಯಿಂದ್ಲೇ ತಗೊಂಡೋಗಿ.